ಅಳಿಸುವ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಬೇಕೇ? ಪರ–ವಿರೋಧ

ಪರ: ರಾಗ ಬರುವುದು ನೆನಪನ್ನು ಹೊತ್ತು

ಸೆಂಟಿಮೆಂಟ್ ಸೀನ್‌ಗೆ ಪಿಟೀಲು ಹಾಕುವುದೆಂದರೆ ಪಾಯಸಕ್ಕೆ ಇನ್ನೊಂದು ಹಿಡಿ ಸಕ್ಕರೆ ಸುರಿದ ಹಾಗೆ ಎಂದು ಹಂಗಿಸುವವರಿದ್ದಾರೆ. ಸುರಿದರೆ ಹಾಗೇ ಆಗುತ್ತದೆ, ಸುಳ್ಳಲ್ಲ. ಆದರೆ ಕೆಲಸ ಬಲ್ಲವರು ಅಳಿಸುವ ರಾಗವನ್ನು ಅಳುವ ಹೊತ್ತಿಗೆ ಹೊಸದಾಗಿ ತರುವುದಿಲ್ಲ. ಎಲ್ಲರೂ ನಗುತ್ತಿರುವಾಗಲೇ, ಯಾರಿಗೂ ಗೊತ್ತಾಗದಂತೆ, ಅದನ್ನು ನೆಟ್ಟು ಬಂದಿರುತ್ತಾರೆ.

2009ರ ‘ಅಪ್’ ಎಂಬ ಅನಿಮೇಷನ್ ಚಿತ್ರದ ಆರಂಭವನ್ನೇ ತೆಗೆದುಕೊಳ್ಳಿ. ಕಾರ್ಲ್ ಮತ್ತು ಎಲ್ಲೀ ಮದುವೆಯಿಂದ ಹಿಡಿದು ಅವಳ ಸಾವಿನವರೆಗಿನ ಇಡೀ ಸಂಸಾರ ಸುಮಾರು ನಾಲ್ಕು ನಿಮಿಷಗಳಲ್ಲಿ ಮುಗಿಯುತ್ತದೆ, ಒಂದೂ ಮಾತಿಲ್ಲದೆ. ಸಂಗೀತ ನಿರ್ದೇಶಕ ಮೈಕಲ್ ಜಿಯಾಕೀನೊ ಅಷ್ಟಕ್ಕೂ ಬಳಸಿದ್ದು ಒಂದೇ ಧಾಟಿ, ಮೂರು ಎಣಿಕೆಯ ವಾಲ್ಟ್ಜ್ ಎಂಬ ಕುಣಿತದ ಲಯದ್ದು. ಹೊಸ ಮನೆಗೆ ಬಣ್ಣ ಬಳಿಯುವಾಗ ಅದು ಕುಣಿಯುತ್ತದೆ. ಮಗುವಾಗುವುದಿಲ್ಲ ಎಂದು ಆಸ್ಪತ್ರೆಯಲ್ಲಿ ತಿಳಿದಾಗ ಕಾಲೆಳೆಯುತ್ತದೆ. ಕೊನೆಗೆ ಪಿಯಾನೋ ಒಂದೇ ಉಳಿಯುತ್ತದೆ. ಧಾಟಿ ಅದೇ, ಆದರೆ ಸುತ್ತಲಿನ ವಾದ್ಯಗಳು ಒಂದೊಂದಾಗಿ ಎದ್ದು ಹೋಗಿವೆ, ನೆಂಟರೆಲ್ಲ ಹೊರಟ ಮೇಲಿನ ಮದುವೆಮನೆಯ ಹಾಗೆ. ಮುಂದೆ ಮುದುಕ ಅವಳ ಹಳೆಯ ಪುಸ್ತಕದ ಹಾಳೆ ತಿರುವುವಾಗ ಆ ಧಾಟಿ ಮರಳಿ ಬರುತ್ತದೆ. ಧ್ವನಿ ಬಂದ್ ಮಾಡಿ ಆ ನಾಲ್ಕು ನಿಮಿಷಗಳನ್ನು ನೋಡಿದರೆ ಯಾರದೋ ಮನೆಯ ಫೋಟೋ ಆಲ್ಬಮ್ ನೋಡಿದಂತಿರುತ್ತದೆ.

ನಮ್ಮ ಸಂಗೀತದಲ್ಲಿ ಈ ಕೆಲಸ ಇನ್ನೂ ಸಣ್ಣ ಬದಲಾವಣೆಯಲ್ಲಿ ಆಗುತ್ತದೆ. ಮೋಹನ ರಾಗದ ಅಂತರ ಗಾಂಧಾರವನ್ನು (ಮೇಲಿನ ‘ಗ’) ಸಾಧಾರಣ ಗಾಂಧಾರಕ್ಕೆ (ಕೆಳಗಿನ ‘ಗ’) ಇಳಿಸಿದರೆ ಶಿವರಂಜನಿ ರಾಗ. ಐದು ಸ್ವರಗಳಲ್ಲಿ ಬದಲಾದದ್ದು ಒಂದು, ಅದೂ ಹಾರ್ಮೋನಿಯಂನ ಒಂದೇ ಮನೆಯಷ್ಟು. ಬಾಲ್ಯದ ದೃಶ್ಯಕ್ಕೆ ಮೋಹನದಲ್ಲಿ ಕೂರಿಸಿದ ಧಾಟಿಯನ್ನು ಅಗಲಿಕೆಯಲ್ಲಿ ಹೀಗೆ ಇಳಿಸಿದರೆ ಸಾಕು, ರಾಗದ ಹೆಸರು ಗೊತ್ತಿಲ್ಲದ ಕಿವಿಗೂ ಏನೋ ಕಳೆದುಹೋಯಿತು ಎನಿಸುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ಮೊದಲ ರೀಲಿನಿಂದಲೇ ಶಿವರಂಜನಿ ಹಿಡಿದು ಕೂರುತ್ತಾರೆ. ಕೊನೆಗೆ ಇಳಿಯಲು ಮೆಟ್ಟಿಲೇ ಇರುವುದಿಲ್ಲ, ಆಗ ಕೋರಸ್ ಕರೆಸುತ್ತಾರೆ.

ಗೇಮ್‌ಗಳಲ್ಲಿ 1997ರ ‘ಫೈನಲ್ ಫ್ಯಾಂಟಸಿ 7’ ಇದಕ್ಕೆ ದೊಡ್ಡ ಸಾಕ್ಷಿ. ಪ್ರಾರ್ಥನೆಗೆ ಕೂತ ನಾಯಕನ ಗೆಳತಿ ಏರಿತ್‌ಳನ್ನು ಖಳನಾಯಕ ಸೆಫಿರೋತ್ ಮೇಲಿನಿಂದಿಳಿದು ಇರಿಯುತ್ತಾನೆ. ಅವಳ ಮುಡಿಯಲ್ಲಿದ್ದ ಬಿಳಿ ಗೋಲಿ ಮೆಟ್ಟಿಲು ಮೆಟ್ಟಿಲಾಗಿ ಪುಟಿದು ನೀರಿಗೆ ಬೀಳುತ್ತದೆ, ನೊಬುಓ ಉಯೆಮಾತ್ಸು ಕಟ್ಟಿದ ಅವಳ ಧಾಟಿ ಕೇಳಿಸುತ್ತದೆ. ಮರುಕ್ಷಣವೇ ದೊಡ್ಡ ಶತ್ರುವಿನೊಂದಿಗೆ ಕಾಳಗ. ಅಲ್ಲಿ ಎಂದಿನ ಯುದ್ಧದ ಅಬ್ಬರ ಬರಬೇಕಿತ್ತು, ಬರುವುದಿಲ್ಲ. ಅವಳ ಧಾಟಿಯೇ ಮುಂದುವರಿಯುತ್ತದೆ. ಆಟಗಾರನ ಕೈ ಹೊಡೆದಾಡುತ್ತಿದ್ದರೆ ಕಿವಿ ಇನ್ನೂ ಸೂತಕದಲ್ಲಿರುತ್ತದೆ. ಸಂಗೀತ ತೆಗೆದರೆ ಅಲ್ಲಿ ಉಳಿಯುವುದು ಕೈಯ ಕೆಲಸ ಮಾತ್ರ.

ಕೆಡುವುದು ಎರಡು ಕಡೆ. ಮೊದಲನೆಯದು, ಬಿಟ್ (ಹಿನ್ನೆಲೆ ಸಂಗೀತದ ತುಣುಕು) ಶುರುವಾಗುವ ಜಾಗ. ಸುದ್ದಿ ಹೇಳುವ ಮೊದಲೇ ತಂತಿ ಮಿಡಿದರೆ ಪ್ರೇಕ್ಷಕ ‘ಓ, ಈಗ ಅಳಬೇಕು’ ಎಂದು ಹುಷಾರಾಗುತ್ತಾನೆ. ಮಾತು ಮುಗಿಯಬೇಕು, ಕೇಳಿದವರ ಮುಖ ಕಾಣಬೇಕು, ಒಂದು ಉಸಿರಿನಷ್ಟು ಹೊತ್ತು ಕಳೆಯಬೇಕು, ಆಮೇಲೆ ರಾಗ. ನಿಮಿಷಕ್ಕೆ 72 ಎಣಿಕೆಯ ಲಯ ಹಿಡಿದರೆ, ಸೆಕೆಂಡಿಗೆ 24 ಫ್ರೇಮ್‌ನ ಚಿತ್ರದಲ್ಲಿ ಒಂದು ಎಣಿಕೆಗೆ ಸರಿಯಾಗಿ 20 ಫ್ರೇಮ್. ಲೆಕ್ಕ ಚೆಂದ ಕೂಡುತ್ತದೆಂದು ಪ್ರತಿ ಕಟ್ ಅನ್ನೂ (ಶಾಟ್ ಬದಲಾಗುವ ಜಾಗ) ಎಣಿಕೆಯ ಮೇಲೇ ಹಾಕಿದರೆ ಸೀನು ಸೀರೆ ಅಂಗಡಿಯ ಜಾಹೀರಾತಾಗುತ್ತದೆ; ಕಟ್ ಮೂರು-ನಾಲ್ಕು ಫ್ರೇಮ್ ಹಿಂದೆಮುಂದೆ ಇರಲಿ.

ಎರಡನೆಯದು ಮಿಕ್ಸಿಂಗ್, ಅಂದರೆ ಮಾತು, ಸದ್ದು, ಸಂಗೀತವನ್ನು ಹದವಾಗಿ ಬೆರೆಸುವುದು. ಅಳುತ್ತಾ ಆಡುವ ಮಾತಿನ ವ್ಯಂಜನಗಳ ಸ್ಪಷ್ಟತೆ ಬಹುಪಾಲು 2,000ದಿಂದ 4,000 ಹರ್ಟ್ಸ್ ನಡುವೆ ಇರುತ್ತದೆ. ಪಿಟೀಲುಗಳ ಗುಂಪೂ ಅಲ್ಲೇ ಹೊಳೆಯುವುದು. ಆದ್ದರಿಂದ ಮಾತಿರುವ ಕಡೆ ಪಿಟೀಲಿಗಿಂತ ದೊಡ್ಡದಾದ, ತಗ್ಗು ದನಿಯ ಚೆಲ್ಲೋ, ಮಾತು ನಿಂತ ಮೇಲೆ ಪಿಟೀಲು. ಆಗುವುದಿಲ್ಲ ಎಂದಾದರೆ ಪಿಟೀಲಿನ ಟ್ರ್ಯಾಕ್‌ನಲ್ಲಿ ಆ ಪಟ್ಟಿಯನ್ನು ಎರಡು-ಮೂರು ಡೆಸಿಬಲ್ ತಗ್ಗಿಸಿ.

ವಿರೋಧ: ಬಿಕ್ಕಳಿಕೆಗೆ ಜಾಗ ಬಿಡಿ

ಅಳುವ ಸೀನಿಗೆ ಇಷ್ಟೊಂದು ಸಂಗೀತ ಏಕೆ ಎಂಬ ಪ್ರಶ್ನೆಗೆ ಮಿಕ್ಸಿಂಗ್ ಕೋಣೆಯಲ್ಲಿ ಸಿಗುವ ಪ್ರಾಮಾಣಿಕ ಉತ್ತರ ರಾಗದ್ದಲ್ಲ, ಡಬ್ಬಿಂಗ್‌ನದು.

ಸೆಟ್‌ನಲ್ಲಿ ನಟಿ ನೆಲದ ಮೇಲೆ ಕುಸಿದು ಅತ್ತಿರುತ್ತಾಳೆ. ಹೊಟ್ಟೆ ಮಡಚಿರುತ್ತದೆ, ಮೂಗು ಕಟ್ಟಿರುತ್ತದೆ, ಉಸಿರು ಅರ್ಧಕ್ಕೇ ತುಂಡಾಗುತ್ತಿರುತ್ತದೆ. ಆ ಧ್ವನಿ ಬರೀ ಪೈಲಟ್ ಟ್ರ್ಯಾಕ್, ಡಬ್ಬಿಂಗ್‌ಗೆ ಗುರುತಾಗಲೆಂದು ಹಿಡಿದದ್ದು. ವಾರಗಳ ನಂತರ ಏಸಿ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಮೈಕಿನ ಮುಂದೆ ನೆಟ್ಟಗೆ ನಿಂತು ಅದೇ ಅಳುವನ್ನು ಮತ್ತೆ ಅಳಬೇಕು. ನಿಂತ ಮೈಯಲ್ಲಿ ಗಂಟಲು ತೆರೆದಿರುತ್ತದೆ. ತುಟಿ ಕೂಡುತ್ತದೆ, ಮೈ ಕೂಡುವುದಿಲ್ಲ. ನೋಡುವವನಿಗೆ ಇದು ಬಾಯಿಬಿಟ್ಟು ಹೇಳಲಾಗದ ಸುಳ್ಳಾಗಿ ಚುಚ್ಚುತ್ತದೆ. ಆ ಹರಕಿಗೆ ಹಾಕುವ ತೇಪೆಯ ಹೆಸರೇ ಪಿಟೀಲು.

ತೇಪೆಯ ಬದಲು ಬಟ್ಟೆಯನ್ನೇ ಸರಿಮಾಡಬಹುದು. ಸಾಧ್ಯವಿದ್ದರೆ ಆ ಒಂದು ಸೀನನ್ನಾದರೂ ಸಿಂಕ್ ಸೌಂಡ್‌ನಲ್ಲಿ, ಅಂದರೆ ಸೆಟ್‌ನ ಧ್ವನಿಯನ್ನೇ ಚಿತ್ರಕ್ಕೆ ಬಳಸುವಂತೆ, ಹಿಡಿಯಿರಿ. ಡಬ್ ಮಾಡಲೇಬೇಕೆಂದರೆ ಮೈಕನ್ನು ಕೆಳಗಿಳಿಸಿ, ನಟಿಯನ್ನು ನೆಲದ ಮೇಲೆ ಕೂರಿಸಿ, ಪರದೆಯಲ್ಲಿ ತಲೆ ಎಷ್ಟು ಬಾಗಿದೆಯೋ ಅಷ್ಟೇ ಬಾಗಿಸಿ. ಮಾತಿನ ನಡುವಿನ ಉಸಿರುಗಳು ಪೈಲಟ್‌ನಲ್ಲಿ ಚೊಕ್ಕಟವಾಗಿದ್ದರೆ ಅವನ್ನೇ ಉಳಿಸಿಕೊಳ್ಳಿ. ಮೇಲೆ ಬಳೆ, ಸೆರಗು, ಮೂಗೆಳೆಯುವ ಸದ್ದು. ಇಷ್ಟಾದ ಮೇಲೂ ಸಂಗೀತ ಬೇಕೆನಿಸುವ ಸೀನು ಅಪರೂಪ.

ಸಂಗೀತ ತೆಗೆದರೆ ಏನು ಕೇಳಿಸುತ್ತದೆ? 2001ರ ಫೆಬ್ರವರಿಯಲ್ಲಿ ಅಮೆರಿಕದ ಟಿವಿಯಲ್ಲಿ ಬಂದ ‘ಬಫಿ’ ಸರಣಿಯ ‘ದಿ ಬಾಡಿ’ ಕಂತಿಗೆ ನಿರ್ದೇಶಕ ಜಾಸ್ ವೀಡನ್ ಹಿನ್ನೆಲೆ ಸಂಗೀತವನ್ನೇ ಇಡಲಿಲ್ಲ. ರಕ್ತಪಿಶಾಚಿಗಳನ್ನು ಕೊಲ್ಲುವ ಹುಡುಗಿ ಮನೆಗೆ ಬಂದರೆ ತಾಯಿ ಸೋಫಾದ ಮೇಲೆ ಕಣ್ಣು ತೆರೆದೇ ಸತ್ತಿದ್ದಾಳೆ. ಫೋನಿನಲ್ಲಿ ಹೇಳಿದಂತೆ ಎದೆ ಒತ್ತುತ್ತಾಳೆ; ಪಕ್ಕೆಲುಬು ಲಟಕ್ಕೆನ್ನುತ್ತದೆ. ಆಮೇಲೆ ಹಿಂದಿನ ಬಾಗಿಲು ತೆರೆದು ನಿಂತರೆ ಹೊರಗೆ ಮಕ್ಕಳು ಆಡುವ ಸದ್ದು. ಊರು ಎಂದಿನಂತೆ ನಡೆಯುತ್ತಿದೆ. ಸಾವಿನ ಮನೆಯಲ್ಲಿ ಕೂತವರಿಗೆ ಗೊತ್ತಿರುವ ಕ್ರೌರ್ಯ ಅದೇ, ಪಕ್ಕದ ಮನೆಯ ಕುಕ್ಕರ್ ಕೂಗುವುದು. ಅಲ್ಲಿ ಒಂದೇ ಒಂದು ಚೆಲ್ಲೋ ಇದ್ದರೂ ಪಕ್ಕೆಲುಬಿನ ಸದ್ದು ಸತ್ತುಹೋಗುತ್ತಿತ್ತು.

ಹಾಗೆಂದು ಮೌನ ಎಂದರೆ ಟ್ರ್ಯಾಕನ್ನು ಸೊನ್ನೆಗಿಳಿಸುವುದಲ್ಲ. ಸೊನ್ನೆಯಾದರೆ ಚಿತ್ರಮಂದಿರದಲ್ಲಿ ಸ್ಪೀಕರ್ ಹೋಯಿತೆಂದು ಜನ ಹಿಂದೆ ತಿರುಗಿ ನೋಡುತ್ತಾರೆ. ಶಾಟ್ ಮುಗಿದ ಕೂಡಲೇ ಎಲ್ಲರನ್ನೂ ಅಲ್ಲಾಡದಂತೆ ನಿಲ್ಲಿಸಿ, ಅದೇ ಮೈಕು, ಅದೇ ಲೆವೆಲ್ಲಿನಲ್ಲಿ ಮೂವತ್ತು ಸೆಕೆಂಡಿನಿಂದ ಒಂದು ನಿಮಿಷ ಆ ಕೋಣೆಯ ಸದ್ದನ್ನೇ ಹಿಡಿಯಬೇಕು. ಊಟದ ಬ್ರೇಕಿನ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದು ಇದೇ. ಆಮೇಲೆ ಬೇರೆ ಕೋಣೆಯದನ್ನು ಅಂಟಿಸಿದರೆ ಪ್ರತಿ ಕಟ್‌ಗೂ ಗೋಡೆ ಬದಲಾದಂತೆ ಕೇಳುತ್ತದೆ, ಅದನ್ನು ಮುಚ್ಚಲು ಮತ್ತೆ ಪಿಟೀಲು.

ಸತ್ಯಜಿತ್ ರಾಯ್ ಅವರ 1955ರ ಬಂಗಾಳಿ ಚಿತ್ರ ‘ಪಥೇರ್ ಪಾಂಚಾಲಿ’ಯನ್ನು ಸಂಗೀತದವರು ತಮ್ಮ ಸಾಕ್ಷಿಯಾಗಿ ಕರೆಯುವುದುಂಟು. ಅಪ್ಪ ಹರಿಹರ ಪರಊರಿಂದ ಮರಳಿ ಬಂದು, ಸತ್ತುಹೋದ ಮಗಳಿಗೆಂದು ತಂದ ಸೀರೆಯನ್ನು ತಿಳಿಯದೆ ತೆಗೆದು ತೋರಿಸುತ್ತಾನೆ. ತಾಯಿ ಸರ್ವಜಯಾ ಬಾಯಿ ತೆರೆದು ಗೋಳಿಡುವಾಗ ಅವಳ ದನಿಯ ಬದಲು ಎಸ್ರಾಜ್ ಎಂಬ ತಂತಿವಾದ್ಯಕ್ಕೆ ಕಹಳೆಯಂಥ ಬಾಯಿ ಜೋಡಿಸಿದ ತಾರ್ ಶಹನಾಯಿ ಕೇಳುತ್ತದೆ. ಸರಿಯಾಗಿ ಗಮನಿಸಿ: ಅಲ್ಲಿ ವಾದ್ಯ ಅಳುವಿನ ಮೇಲೆ ಕೂತಿಲ್ಲ, ಅಳುವಿನ ಜಾಗದಲ್ಲಿ ಕೂತಿದೆ. ಒಂದು ಸದ್ದು ತೆಗೆದು ಇನ್ನೊಂದು ಇಟ್ಟರು. ಅಷ್ಟು ಲೆಕ್ಕ ಇಟ್ಟು ಮಾಡುವುದಾದರೆ ನಮ್ಮ ತಕರಾರಿಲ್ಲ. ಇನ್ನು ನಮ್ಮ ಗೋವಿನ ಹಾಡು. ಹುಲಿ ಅಡ್ಡಗಟ್ಟಿದಾಗಲೂ ಅದೇ ಧಾಟಿ, ಪುಣ್ಯಕೋಟಿ ಕರುವಿಗೆ ಕೊನೆಯ ಬಾರಿ ಹಾಲೂಡಿಸುವಾಗಲೂ ಅದೇ ಧಾಟಿ. ಗಂಟಲು ಕಟ್ಟುವುದು ಕರು ಕೇಳುವ ಪ್ರಶ್ನೆಗೆ.

ಗೇಮ್‌ಗಳಲ್ಲಿ ಸಂಗೀತಕ್ಕೆ ಇನ್ನೊಂದು ಕಷ್ಟ: ಆಟಗಾರ ಒಂದೇ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತಾನೆಂದು ಯಾರಿಗೂ ತಿಳಿಯದು. ಮತ್ತೆ ಮತ್ತೆ ಸುತ್ತುವ ಒಂದೂವರೆ ನಿಮಿಷದ ಲೂಪ್ ಮೂರನೆಯ ಸುತ್ತಿಗೆ ಬಂದಾಗ ಒದ್ದೆ ಕಣ್ಣು ಒಣಗಿರುತ್ತದೆ. ಆದರೆ ಗೇಮ್ ಬಳಿ ಸಿನಿಮಾಕ್ಕಿಲ್ಲದ ವಾದ್ಯವೊಂದಿದೆ, ಆಟಗಾರನ ಬೆರಳು. 2013ರ ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’ನಲ್ಲಿ ಕಂಟ್ರೋಲರ್‌ನ ಎಡಭಾಗ ಅಣ್ಣನದು, ಬಲಭಾಗ ತಮ್ಮನದು. ತಮ್ಮನಿಗೆ ಈಜು ಬಾರದು, ಅವನ ತಾಯಿ ಮುಳುಗಿ ಸತ್ತವಳು. ನೀರು ಸಿಕ್ಕಾಗಲೆಲ್ಲ ಅಣ್ಣನ ಬೆನ್ನಿಗೆ ಜೋತುಬೀಳುತ್ತಾನೆ. ಗಂಟೆಗಟ್ಟಲೆ ಎರಡೂ ಹೆಬ್ಬೆರಳು ಜೊತೆಯಾಗಿ ನಡೆದಿರುತ್ತವೆ. ಅಣ್ಣ ಸಾಯುತ್ತಾನೆ, ಗುಂಡಿಗೆ ಮಣ್ಣು ತಳ್ಳುವುದೂ ಆಟಗಾರನೇ. ಅಲ್ಲಿಂದ ಮುಂದೆ ಎಡಗೈಗೆ ಕೆಲಸವಿಲ್ಲ, ಸುಮ್ಮನೆ ಕಂಟ್ರೋಲರ್ ಹಿಡಿದಿರುತ್ತದೆ. ಮನೆ ಹತ್ತಿರ ಬಂದಾಗ ಮಳೆಗೆ ಹೊಳೆ ತುಂಬಿದೆ. ಬಲಗೈ ಬಟನ್ ಎಷ್ಟು ಒತ್ತಿದರೂ ಹುಡುಗ ದಡ ಬಿಟ್ಟು ಇಳಿಯುವುದಿಲ್ಲ. ಏನೂ ತೋಚದೆ ಎಡಗೈ ತೋರುಬೆರಳು ಅಣ್ಣನ ಬಟನ್ ಒತ್ತುತ್ತದೆ. ಹುಡುಗ ಈಜುತ್ತಾನೆ.