ಕಾಲು ಊರಿದ್ರೆ ಒಂದು ಮಾರ್ಕು

ಹೋದ ವಾರ ನಮ್ಮ ಅಕ್ಕನ ಮಗ ಲೈಸೆನ್ಸ್ ಟೆಸ್ಟ್‌ನಲ್ಲಿ ಫೇಲಾಗಿ ಬಂದ. ಎಂಟು ಹಾಕುವಾಗ ಎರಡನೇ ತಿರುವಿನಲ್ಲಿ ಕಾಲು ಊರಿದನಂತೆ. "ಮಾಮ, ಹೈವೇಲಿ ನೂರರಲ್ಲಿ ಓಡಿಸು ಅನ್ನಲಿ, ಓಡಿಸ್ತೀನಿ. ಈ ಎಂಟು ಯಾರಿಗ್ ಬೇಕು?" ಅಂತ ಒಂದೇ ಸಿಟ್ಟು. ಲೈಸೆನ್ಸೇ ಇಲ್ಲದವನಿಗೆ ಹೈವೇಲಿ ನೂರರಲ್ಲಿ ಹೋಗೋದು ಹೇಗೆ ಗೊತ್ತಾಯ್ತು ಅಂತ ನಾನು ಕೇಳಲಿಲ್ಲ. ಅಕ್ಕ ಕೇಳಿದಳು. ಆಮೇಲಿನದ್ದು ಇಲ್ಲಿ ಬೇಡ.

ಸಮಾಧಾನ ಮಾಡೋಣ ಅಂತ ಅವನಿಗೆ ಟ್ರಯಲ್ಸ್ ಅನ್ನೋ ಬೈಕ್ ಆಟದ ಟೋನಿ ಬೋ ವಿಡಿಯೊ ತೋರಿಸಿದೆ. ಸ್ಪೇನ್‌ನ ಕ್ಯಾಟಲೋನಿಯಾದವನು. ಸೀಟೇ ಇಲ್ಲದ ಬೈಕು. ಎದೆಮಟ್ಟದ ಬಂಡೆಯ ಮುಂದೆ ಬಂದು ನಿಲ್ಲುತ್ತಾನೆ. ಎರಡೂ ಕಾಲು ಫುಟ್‌ರೆಸ್ಟ್ ಮೇಲೆಯೇ ಇರುತ್ತವೆ, ಹಾಗೇ ನಿಲ್ಲುತ್ತಾನೆ. ನಿಂತಲ್ಲೇ ಎರಡು ಸಲ ಕುಪ್ಪಳಿಸಿ ಚಕ್ರದ ದಿಕ್ಕು ಸರಿ ಮಾಡಿಕೊಳ್ಳುತ್ತಾನೆ. ಆಮೇಲೆ ಬೆಕ್ಕು ಕಾಂಪೌಂಡ್ ಹತ್ತಿದ ಹಾಗೆ ಮೇಲೆ. 2007ರಿಂದ 2024ರವರೆಗೆ ಹೊರಾಂಗಣ, ಒಳಾಂಗಣ ಎರಡರಲ್ಲೂ ಪ್ರತಿ ವರ್ಷದ ವಿಶ್ವ ಚಾಂಪಿಯನ್ ಇವನೇ. ಒಟ್ಟು 36 ಪಟ್ಟ. ಯಾವ ಆಟದಲ್ಲಾದರೂ ಇಂಥವರು ಎಷ್ಟು ಜನ ಸಿಗ್ತಾರೆ?

ಹುಡುಗ ಪೂರ್ತಿ ನೋಡಿದ. "ಸ್ಪೀಡೇ ಇಲ್ವಲ್ಲ ಮಾಮ" ಅಂದ.

ಆ ಮಾತಿಗೇ ಈ ಬರಹ.

ಟ್ರಯಲ್ಸ್ ಅಂದರೆ ಇಷ್ಟೇ. ಕಲ್ಲು, ತೊರೆ, ಬೇರು, ಕೆಸರು ಇರೋ ಜಾಗದಲ್ಲಿ ಎರಡೂ ಕಡೆ ಟೇಪು ಕಟ್ಟಿ ಒಂದು ಚಿಕ್ಕ ಹಾದಿ ಮಾಡ್ತಾರೆ. ಅದಕ್ಕೆ ಸೆಕ್ಷನ್ ಅಂತ ಹೆಸರು. ಒಂದು ಸಲ ಕಾಲು ಊರಿದರೆ 1 ಮಾರ್ಕು, ಎರಡು ಸಲಕ್ಕೆ 2, ಮೂರು ಅಥವಾ ಅದಕ್ಕಿಂತ ಜಾಸ್ತಿಗೆ 3. ಬಿದ್ದರೆ, ಟೇಪಿನಾಚೆ ಹೋದರೆ 5. ಕಾಲೇ ಊರದೆ ದಾಟಿದರೆ ಸೊನ್ನೆ, ಅಂದರೆ ಕ್ಲೀನ್. ಇಲ್ಲಿ ಮಾರ್ಕು ಕಡಿಮೆ ಇದ್ದವನೇ ಗೆದ್ದ ಹಾಗೆ. ಒಂದು ತಮಾಷೆ ಇದೆ. ಮೂರು ಸಲ ಊರಿದ ಮೇಲೆ ಮೂವತ್ತು ಸಲ ಊರಿದರೂ ಮೂರೇ. ಹಾಗಾಗಿ ಕೆಲವರು ಕೆಸರಲ್ಲಿ ಸಿಕ್ಕ ಕರುವಿನ ಹಾಗೆ ಒದ್ದಾಡಿಕೊಂಡಾದರೂ ಆಚೆ ದಡ ಸೇರುತ್ತಾರೆ. ಐದಕ್ಕಿಂತ ಮೂರು ವಾಸಿ ಅಲ್ವಾ!

ನಾನು ಇದನ್ನು ಮೊದಲು ಕಣ್ಣಾರೆ ನೋಡಿದ್ದು ಸ್ಕಾಟ್ಲೆಂಡ್‌ನಲ್ಲಿ. ಕೆಲಸದ ಮೇಲೆ ಎರಡು ವರ್ಷ ಗ್ಲಾಸ್ಗೋದಲ್ಲಿದ್ದೆ. ಮೇ ತಿಂಗಳ ಮೊದಲ ವಾರ ಆಫೀಸಿನ ಗೆಳೆಯನೊಬ್ಬ "ಬೈಕ್ ಸ್ಪರ್ಧೆ ಇದೆ, ಬಾ" ಅಂತ ಕಾರಲ್ಲಿ ಕರೆದುಕೊಂಡು ಹೋದ. ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್. 1909ರಲ್ಲಿ ಐದು ದಿನದ್ದಾಗಿ ಶುರುವಾಗಿ 1911ರಿಂದ ಆರು ದಿನದ್ದಾಯಿತು. ಫೋರ್ಟ್ ವಿಲಿಯಂ ಊರೇ ಅದರ ಠಿಕಾಣಿ. ದಿನಕ್ಕೆ ಸುಮಾರು 30 ಸೆಕ್ಷನ್. ನಡುವೆ ರಸ್ತೆ, ಬೆಟ್ಟ, ಜವುಗು ದಾಟಿಕೊಂಡು ದಿನವಿಡೀ ಓಡಿಸಬೇಕು. ಅದೂ ಸೀಟು ಅಂತ ಕರೆಯೋ ಹಾಗಿರುವ ಸೀಟಿಲ್ಲದ ಬೈಕಿನಲ್ಲಿ.

ನಾವು ಹೋಗಿದ್ದು ಕಿನ್‌ಲಾಕ್‌ಲೆವೆನ್ ಅನ್ನೋ ಚಿಕ್ಕ ಊರಿಗೆ. ಅಲ್ಲಿ ಹಿಂದೆ ಅಲ್ಯೂಮಿನಿಯಂ ಕಾರ್ಖಾನೆ ಇತ್ತು. ಅದರ ಕರೆಂಟಿಗೆ ಬೇಕಾದ ನೀರು ತರೋಕೆ ಗುಡ್ಡದಿಂದ ದೊಡ್ಡ ದೊಡ್ಡ ಪೈಪು ಇಳಿಸಿದ್ದಾರೆ. ಜೋಗದ ಪವರ್ ಹೌಸಿಗೆ ಇಳಿಯುವ ಪೈಪುಗಳನ್ನು ನೋಡಿದ್ದರೆ ಇದೂ ಅಂಥದ್ದೇ ಅಂದುಕೊಳ್ಳಿ, ಅಳತೆ ಚಿಕ್ಕದು. ಆ ಪೈಪಿನ ಪಕ್ಕದ ಕಡಿದಾದ ಕಲ್ಲುದಾರಿಯೇ ಪೈಪ್‌ಲೈನ್ ಅನ್ನೋ ಹೆಸರಾಂತ ಸೆಕ್ಷನ್. ಜಿಟಿಜಿಟಿ ಮಳೆ. ಕಲ್ಲೆಲ್ಲ ಪಾಚಿ ಹಿಡಿದು ಫಳಫಳ ಅಂತಿತ್ತು. ನಾನು ಶೂ ಹಾಕಿಕೊಂಡು, ಎರಡೂ ಕೈ ಊರಿಕೊಂಡು ಹತ್ತಿದೆ. ನನ್ನ ಲೆಕ್ಕದಲ್ಲಿ ಅದಕ್ಕೇ ಐದು ಮಾರ್ಕು.

ಜನ ಗಲಾಟೆ ಮಾಡ್ತಾರೆ ಅಂದುಕೊಂಡಿದ್ದೆ. ಒಬ್ಬರೂ ಮಾತಾಡಲಿಲ್ಲ. ಇಂಜಿನ್ನಿನ ಟಪ್ ಟಪ್ ಟಪ್ ಮಾತ್ರ. ಒಬ್ಬ ಹುಡುಗ ಬಂದ, ಇಪ್ಪತ್ತು ಇಪ್ಪತ್ತೆರಡು ಇರಬಹುದು. ಮುಕ್ಕಾಲು ದಾರಿ ನೀಟಾಗಿ ಹತ್ತಿದ. ಕೊನೆಯ ಎರಡು ಮೀಟರ್ ಇದೆ ಅನ್ನುವಾಗ ಮುಂದಿನ ಚಕ್ರ ಎಡಕ್ಕೆ ಜಾರಿತು. ಬಲಗಾಲು ಫುಟ್‌ರೆಸ್ಟ್ ಬಿಟ್ಟಿತು. ಬೂಟಿಗೂ ಕಲ್ಲಿಗೂ ನಡುವೆ ಒಂದು ಗೇಣು ಜಾಗ. ಅಲ್ಲೇ ಗಾಳಿಯಲ್ಲಿ ಆ ಕಾಲು ತಕ್ಕಡಿ ತಟ್ಟೆಯ ಹಾಗೆ ತೂಗಾಡಿತು. ಊರಿದ್ದರೆ ಏನು ಹೋಗ್ತಿತ್ತು, ಒಂದು ಮಾರ್ಕು ತಾನೇ. ಅವನು ಊರಲಿಲ್ಲ. ಸೊಂಟ ಆಚೆ ಹಾಕಿದ, ಕ್ಲಚ್ ಮೇಲಿದ್ದ ಒಂದೇ ಬೆರಳು ಅಲುಗಿತು, ಬೈಕು ನೆಟ್ಟಗಾಯಿತು, ಕಾಲು ವಾಪಸ್ ಜಾಗಕ್ಕೆ ಬಂತು. ಮೇಲೆ ನಿಂತು ಮಾರ್ಕು ಹಾಕುತ್ತಿದ್ದ ಅಬ್ಸರ್ವರ್ ತಾತ ಮುಷ್ಟಿ ಕಟ್ಟಿ ಕೈ ಎತ್ತಿದರು. ಮುಷ್ಟಿ ಅಂದರೆ ಸೊನ್ನೆ. ಅಷ್ಟೊತ್ತೂ ಉಸಿರು ಬಿಗಿಹಿಡಿದಿದ್ದೆ ಅಂತ ನನಗೆ ಗೊತ್ತಾಗಿದ್ದೇ ಆಗ.

ನನಗೆ ನೆನಪಾಗಿದ್ದು ನಮ್ಮೂರ ಶಾಲೆ ಮೈದಾನ.

ಶಿರಾ ಕಡೆ ನಮ್ಮೂರು. ರಾಜ್ಯೋತ್ಸವಕ್ಕೆ ಮ್ಯೂಸಿಕಲ್ ಚೇರ್, ಮಡಕೆ ಒಡೆಯೋದು, ಆಮೇಲೆ ಸ್ಲೋ ಸೈಕಲ್ ರೇಸ್. ನೀವೂ ನೋಡಿರ್ತೀರಿ. ಸುಣ್ಣದಲ್ಲಿ ಗೆರೆ. ಕೊನೆಗೆ ಬಂದವನು ಫಸ್ಟು. ಕಾಲು ಊರಿದರೆ ಔಟು. ಪ್ರತಿ ವರ್ಷ ಗೆಲ್ಲುತ್ತಿದ್ದವರು ಡೈರಿಗೆ ಹಾಲು ಸಾಗಿಸುತ್ತಿದ್ದ ಒಬ್ಬರು. ಕ್ಯಾರಿಯರ್ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಗದ್ದೆ ಬದುವಿನ ಮೇಲೆ ಸೈಕಲ್ ತುಳಿಯುತ್ತಿದ್ದ ಮನುಷ್ಯ. ಮೈದಾನ ಅವರಿಗೆ ಯಾವ ಲೆಕ್ಕ? ಹ್ಯಾಂಡಲ್ ಒಂದು ಕಡೆಗೆ ತಿರುಗಿಸಿ, ಬ್ರೇಕ್ ಹಿಡಿದು, ಪೆಡಲ್ ಮೇಲೆ ಎದ್ದು ನಿಂತು, ಹಾಗೇ ಊರಿನ ಸಮಾಚಾರ ಮಾತಾಡೋರು. ಬಹುಮಾನ ಒಂದು ಸ್ಟೀಲ್ ಡಬ್ಬಿ.

ಟ್ರಯಲ್ಸ್ ಕಲಿಯೋಕೆ ಹೋದರೆ ಮೊದಲ ದಿನ ಹೇಳಿಕೊಡೋದು ಅದನ್ನೇ. ಚಕ್ರ ತಿರುಗಿಸಿ, ನಿಂತಲ್ಲಿ ನಿಲ್ಲೋದು.

ಸೈಕಲ್ಲಿಗೂ ಈ ಆಟಕ್ಕೂ ನಂಟು ಹತ್ತಿರದ್ದು. ಸ್ಪೇನ್‌ನಲ್ಲಿ ಮೊಂಟೆಸಾ ಬೈಕ್ ಕಂಪನಿಯಲ್ಲಿದ್ದ ಪೆರೆ ಪಿ ತನ್ನ ಮಗ ಓಟ್‌ಗೆ ಮೋಟಾರ್‌ಸೈಕಲ್ ಟ್ರಯಲ್ಸ್ ಥರ ಆಡೋಕೆ ಸೈಕಲ್ ಮಾಡಿಕೊಟ್ಟರು. ಅದೇ ಬೆಳೆದು ಸೈಕಲ್ ಟ್ರಯಲ್ಸ್ ಆಯಿತು. ಆಮೇಲೆ ಸೈಕಲ್ಲಿನವರೇ ಬೈಕಿಗೆ ಪಾಠ ಹೇಳಿದರು. ಏಳು ಸಲ ವಿಶ್ವ ಚಾಂಪಿಯನ್ ಆದ ಜೋರ್ಡಿ ತಾರೆಸ್ ಸೈಕಲ್ಲಿನಿಂದ ಬಂದವನು. ನಿಂತಲ್ಲೇ ಕುಪ್ಪಳಿಸುವ ಆ ವಿದ್ಯೆಯನ್ನು ಬೈಕಿಗೆ ತಂದವನು. ಟೋನಿ ಬೋ ಕೂಡ ಚಿಕ್ಕಂದಿನಲ್ಲಿ ಸೈಕಲ್ ಟ್ರಯಲ್ಸ್ ಆಡಿದವನೇ.

ಸಲಕರಣೆ ನೋಡಿದರೆ ನಮ್ಮ ಪಂಕ್ಚರ್ ಅಂಗಡಿಯವರು ತಲೆ ಚಚ್ಚಿಕೊಳ್ಳುತ್ತಾರೆ. ನಮ್ಮ ಬೈಕಿನ ಟೈರಿಗೆ 30ರ ಆಸುಪಾಸು ಗಾಳಿ ಹಾಕಿಸ್ತೀವಿ. ಟ್ರಯಲ್ಸ್ ಬೈಕಿನ ಹಿಂದಿನ ಟೈರಿಗೆ 4 ಅಥವಾ 5 ಪಿಎಸ್ಐ ಅಷ್ಟೇ. ಟೈರು ಕಲ್ಲನ್ನು ಅಪ್ಪಿಕೊಳ್ಳಲಿ ಅಂತ. ಬೈಕಿನ ತೂಕ ಸುಮಾರು 70 ಕೆಜಿ. ಸೈಕಲ್ಲಿನವರಂತೂ ಬ್ರೇಕ್ ಹಿಡೀಲಿ ಅಂತ ರಿಮ್ಮನ್ನು ಗ್ರೈಂಡರ್‌ನಲ್ಲಿ ಉಜ್ಜಿ ಒರಟು ಮಾಡ್ತಾರೆ, ಕೆಲವರು ಅದಕ್ಕೆ ಟಾರೂ ತಿಕ್ಕುತ್ತಾರೆ. ಬ್ರೇಕ್ ಹಾಕಿದರೆ ಬೀದಿ ನಾಯಿಗಳೆಲ್ಲ ಏಳೋ ಅಂಥ ಕಿರುಚಾಟ.

ಬುಲೆಟ್ ಪ್ರೇಮಿಗಳಿಗೆ ಒಂದು ಮಾತು. ನಿಮ್ಮ ಗಾಡಿಗೂ ಈ ಆಟಕ್ಕೂ ಹಳೇ ನಂಟು. ಹಿಂದಿನ ಚಕ್ರಕ್ಕೆ ಸಸ್ಪೆನ್ಷನ್ ಇರುವ ಬುಲೆಟ್ 1948ರಲ್ಲಿ ಮೊದಲು ಕಾಣಿಸಿದ್ದು ಇಂಗ್ಲೆಂಡಿನ ಕೋಲ್ಮೋರ್ ಕಪ್ ಟ್ರಯಲ್‌ನಲ್ಲಿ. ಹಿಂದೆ ಸ್ಪ್ರಿಂಗ್ ಇದ್ದರೆ ಟ್ರಯಲ್ಸ್‌ಗೆ ಆಗಲ್ಲ ಅಂತ ಆಗಿನವರ ನಂಬಿಕೆ. ಜಾನಿ ಬ್ರಿಟನ್ ರಾಯಲ್ ಎನ್‌ಫೀಲ್ಡ್ ಮೇಲೆ 1952 ಮತ್ತು 1957ರಲ್ಲಿ ಇದೇ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದ. 2019ರಲ್ಲಿ ಇಲ್ಲಿ ಬುಲೆಟ್ ಟ್ರಯಲ್ಸ್ ಅಂತ ಒಂದು ಮಾಡೆಲ್ ಬಂತಲ್ಲ, ಎತ್ತರದ ಸೈಲೆನ್ಸರ್, ಬಣ್ಣದ ಫ್ರೇಮು, ಅದು ಆ ನೆನಪಿಗೆ. ನೋಡೋಕೆ ಚೆಂದ. ಆದರೆ ತೂಕ ಸುಮಾರು 190 ಕೆಜಿ. ಬಂಡೆ ಹತ್ತಿಸೋದು ಹಾಗಿರಲಿ, ನನಗೆ ಅದನ್ನು ಸೆಂಟರ್ ಸ್ಟ್ಯಾಂಡ್ ಹಾಕೋದೇ ಒಂದು ಸೆಕ್ಷನ್.

ಇನ್ನು ವೀಲಿಂಗ್ ಹುಡುಗರು. ಬೆಂಗಳೂರಿನ ಫ್ಲೈಓವರ್ ಮೇಲೆ ಮುಂದಿನ ಚಕ್ರ ಎತ್ತಿಕೊಂಡು ಹೋಗೋರ ಪರ ನಾನು ವಕಾಲತ್ತು ಹಾಕಲ್ಲ. ತಾವು ಬೀಳೋದಲ್ಲದೆ ಇನ್ನೊಬ್ಬರನ್ನೂ ಬೀಳಿಸ್ತಾರೆ. ಪೊಲೀಸರು ಕೇಸು ಹಾಕಲಿ. ಆದರೆ ಆ ಕೈಯಲ್ಲಿರೋ ಬ್ಯಾಲೆನ್ಸ್ ಸುಳ್ಳಲ್ಲ. 2016ರಲ್ಲಿ ಡೂಗಿ ಲ್ಯಾಂಪ್‌ಕಿನ್ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಟಿಟಿ ಬೈಕ್ ರೇಸ್ ನಡೆಯೋ ರಸ್ತೆಯ ಒಂದು ಸುತ್ತು, ಸುಮಾರು 60 ಕಿಲೋಮೀಟರ್, ಒಂದೇ ಚಕ್ರದ ಮೇಲೆ ಹೋದ. ಟ್ರಯಲ್ಸ್‌ನಲ್ಲಿ ಹನ್ನೆರಡು ವಿಶ್ವ ಪಟ್ಟ ಗೆದ್ದವನು. ಅವನಪ್ಪ ಮಾರ್ಟಿನ್ 1975ರ ಮೊದಲ ವಿಶ್ವ ಚಾಂಪಿಯನ್. ಮನೆಹಿಂದಿನ ಕಲ್ಲಿನ ಮೇಲೆ ಅಪ್ಪ ಕಲಿಸಿದ್ದಕ್ಕೂ ಫ್ಲೈಓವರ್ ಮೇಲೆ ರೀಲ್ಸ್ ನೋಡಿ ಕಲಿತಿದ್ದಕ್ಕೂ ವ್ಯತ್ಯಾಸ ಇದೆ ಅಲ್ವಾ? ನಮ್ಮಲ್ಲಿ ಕಲ್ಲಿಗೇನು ಬರ? ತುಮಕೂರು, ರಾಮನಗರ, ಕೋಲಾರ, ಎಲ್ಲಿ ನೋಡಿದರೂ ಬಂಡೆ. ಒಂದು ಹಾಳುಬಿದ್ದ ಕ್ವಾರಿ ಮೂಲೆ, ಎರಡು ಸುರುಳಿ ಟೇಪು, ಬಯ್ಯದೆ ನೋಡೋ ಒಬ್ಬ ಹಿರಿಯರು. ಇಷ್ಟು ಸಾಕು. (ಹಂಪಿ ಬಂಡೆ ನೋಡಿ ಕೈ ತುರಿಸೋರಿಗೆ: ದಯವಿಟ್ಟು ಬೇಡ. ಅದು ಬೇರೆ ವಿಷಯ.)

ನಾನು ನನ್ನ ಹಳೇ ಸೈಕಲ್ಲಿನ ಸೀಟು ಪೂರ್ತಿ ಕೆಳಗಿಳಿಸಿ ಅಪಾರ್ಟ್‌ಮೆಂಟ್ ಹಿಂದೆ ಅಭ್ಯಾಸ ಮಾಡ್ತಾ ಇದ್ದೀನಿ. ನಿಂತಲ್ಲೇ ನಿಲ್ಲೋಕೆ ಆರು ವಾರ ಹಿಡಿಯಿತು. ಮೊದಲ ವಾರ ಪೆಡಲ್ ಜಾರಿ ಮೊಣಕಾಲ ಕೆಳಗಿನ ಮೂಳೆಗೆ ಬಡಿದು ಮೂರು ಹಲ್ಲಿನ ಗುರುತು ಬಿತ್ತು, ಇನ್ನೂ ಇದೆ. "ನಲವತ್ತೆರಡು ವರ್ಷಕ್ಕೆ ಸೈಕಲ್ ಮೇಲೆ ಸುಮ್ನೆ ನಿಂತ್ಕೊಳ್ಳೋದು ಕಲೀತಿದೀರಾ?" ಅಂತ ಮನೆಯವಳು ಅರಿಶಿನ ಹಚ್ಚುತ್ತಾ ಕೇಳಿದಳು. ಹೌದು ಅಂದೆ. ಈಗ ಒಂದೂವರೆ ನಿಮಿಷ ನಿಲ್ಲುತ್ತೇನೆ. ಒಂದು ಮರದ ಪ್ಯಾಲೆಟ್ ಹತ್ತಿಸ್ತೇನೆ. ಇಳಿಸೋದು ದೇವರ ದಯೆ.

ಭಾನುವಾರ ಅಕ್ಕನ ಮಗನನ್ನೂ ಕರೆಸಿಕೊಂಡೆ. ಇಟ್ಟಿಗೆ ಇಟ್ಟು ಎಂಟು ಮಾಡಿದೆವು. ನಮ್ಮ ವಾಚ್‌ಮನ್ ಅಣ್ಣನಿಗೆ ಮಾರ್ಕಿನ ಲೆಕ್ಕ ಹೇಳಿಕೊಟ್ಟಿದ್ದೆ. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಭಾರೀ ಗಂಭೀರವಾಗಿ ಕೂತರು. ಹುಡುಗ ಸ್ಕೂಟರಲ್ಲಿ ಒಂದು ಸುತ್ತು ಮುಗಿಸಿದ. ವಾಚ್‌ಮನ್ ಅಣ್ಣ ಎರಡು ಬೆರಳು ತೋರಿಸಿದರು.

"ಒಂದೇ ಸಲ ಊರಿದ್ದು ಅಣ್ಣಾ!"

"ಆ ಕಡೆ ತಿರುವಲ್ಲಿ ಚಪ್ಪಲಿ ತಾಗಿತು. ನಾನು ನೋಡ್ದೆ. ಇನ್ನೊಂದ್ ಸಲ ಹಾಕು."