ಅರ್ಧಕ್ಕೆ ನಿಂತ ಅಪ್‌ಡೇಟ್

ವಿಜಯಪುರದ ಏಪ್ರಿಲ್ ಬಿಸಿಲು. ಲಿನಕ್ಸ್ ಕಂಪ್ಯೂಟರನ್ನು ಅಪ್‌ಡೇಟ್‌ಗೆ ಹಚ್ಚಿ ಊಟಕ್ಕೆ ಕೂತೆ. ಎರಡನೇ ರೊಟ್ಟಿ ಮುರಿಯುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿದೆ, ಅದು ನನ್ನದೇ ತಪ್ಪು ಬಿಡಿ.

ಕರೆಂಟ್ ಬಂದ ಮೇಲೆ ಏನು ಒತ್ತಿದರೂ ಒಂದೇ ಮಾತು: ‘ಡಿಪಿಕೆಜಿ ಅರ್ಧಕ್ಕೆ ನಿಂತಿದೆ.’ ಡಿಪಿಕೆಜಿ ಅಂದರೆ ಸಾಫ್ಟ್‌ವೇರ್ ಹಾಕುವ, ತೆಗೆಯುವ ಸಾಧನ. ಗೋಳಗುಮ್ಮಟದಲ್ಲಿ ಕೂಗಿದ ಹಾಗೆ, ನನ್ನ ಗೋಳು ನನಗೇ ವಾಪಸ್! ಅದು ಹೇಳಿದ ಕಮಾಂಡನ್ನೇ ಕೊಟ್ಟೆ. ಈಗ ಹೊಸ ತಕರಾರು, ಬೂಟ್ ಪಾರ್ಟಿಶನ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲ್‌ಗಳಿರುವ ಡಿಸ್ಕ್ ಭಾಗದಲ್ಲಿ, ಜಾಗ ಇಲ್ಲವಂತೆ.

ಡಿಸ್ಕ್ 500 ಜಿಬಿ, ಮುಕ್ಕಾಲು ಖಾಲಿ. ಬೂಟ್‌ಗೆ ಅಂತ ಬೇರೆ ತೆಗೆದಿಟ್ಟಿದ್ದು ಮಾತ್ರ 512 ಎಂಬಿ. ಅಲ್ಲಿ ಹಳೇ ಕರ್ನಲ್‌ಗಳು, ಅಂದರೆ ಲಿನಕ್ಸ್‌ನ ತಿರುಳಿನ ಹಳೇ ಆವೃತ್ತಿಗಳು, ಬಾಡಿಗೆ ಕೊಡದವರ ಹಾಗೆ ಠಿಕಾಣಿ ಹೂಡಿವೆ. ಹೊಸದು ಕೈಕೊಟ್ಟರೆ ಇರಲಿ ಅಂತ ಒಂದು ಹಳೆಯದನ್ನು ಇಡಲಿ, ಒಪ್ಪುತ್ತೇನೆ. ಐದು ಯಾಕೆ?

ಬೇಡದ್ದನ್ನು ತಾನೇ ತೆಗೆಯುವ ‘ಆಟೊರಿಮೂವ್’ ಕಮಾಂಡ್ ಕೊಟ್ಟರೆ ಮೊದಲು ನಿಂತ ಕೆಲಸ ಮುಗಿಸು ಅನ್ನುತ್ತದೆ. ಮುಗಿಸೋಕೆ ಜಾಗ ಬೇಕು, ಜಾಗ ಮಾಡೋಕೆ ಮುಗಿಸಬೇಕು. ಚೆನ್ನಾಗಿದೆ ಅಲ್ವಾ?

ಕೊನೆಗೆ ಈಗ ಓಡುತ್ತಿರುವ ಕರ್ನಲ್ ಯಾವುದೆಂದು ‘ಯುನೇಮ್’ ಹಾಕಿ ನೋಡಿಕೊಂಡೆ. ಅದನ್ನು ಬಿಟ್ಟು, ತೀರಾ ಹಳೆಯ ಎರಡನ್ನು ಡಿಪಿಕೆಜಿಯಿಂದಲೇ ಕಿತ್ತೆ. ಆಮೇಲೆ ಸುಮ್ನೆ ಮುಂದುವರಿಯಿತು, ಏನೂ ಆಗಿಲ್ಲವೇನೋ ಎಂಬಂತೆ. ತಟ್ಟೆಯಲ್ಲಿದ್ದ ರೊಟ್ಟಿ ಅಷ್ಟರಲ್ಲಿ ಹಪ್ಪಳವಾಗಿತ್ತು.