ಮೆಟ್ರೋ ಸುರಂಗದಲ್ಲಿ ಕಿವಿ ಕಟ್ಟಿದರೆ ಎಣ್ಣೆ ಬಿಡಬೇಡಿ

ಹಂಪಿ ಎಕ್ಸ್‌ಪ್ರೆಸ್ಸಿಗೆ ಕೊಪ್ಪಳ, ಬಳ್ಳಾರಿಯಿಂದ, ಉದ್ಯಾನ್‌ಗೆ ರಾಯಚೂರಿಂದ ಹೋಗಿ ಬೆಂಗಳೂರಲ್ಲಿ ಇಳಿದು ಅಲ್ಲೇ ಮೆಟ್ರೋ ಹತ್ತುವ ನಮ್ಮ ಕಡೆಯ ಹುಡುಗ ಹುಡುಗಿಯರು ಬಹಳ. ಸುರಂಗ ಹೊಕ್ಕ ಕೂಡಲೇ ಕಿವಿ ಕಟ್ಟಿದಂಗಾಗ್ತದೆ, ಇಳಿದ ಮೇಲೂ ಗುಂಯ್ ಅಂತದೆ ಅಂತ ಊರಿಗೆ ಫೋನ್ ಮಾಡಿದರೆ ಬರುವ ಮದ್ದು ಒಂದೇ: “ಬೆಚ್ಚಗೆ ಎಣ್ಣಿ ಬಿಡು.” ದಯವಿಟ್ಟು ಬಿಡಬೇಡಿ. ಕಿವಿ ಕಟ್ಟುವುದು ಗಾಳಿಯ ಒತ್ತಡದಿಂದ, ಗುಂಯ್ ಅನ್ನುವುದು ಸದ್ದಿನಿಂದ. ಎಣ್ಣೆ ಎರಡಕ್ಕೂ ಮದ್ದಲ್ಲ.

ಮೊದಲು ಕಟ್ಟುವ ವಿಷಯ. ನೇರಳೆ ಮಾರ್ಗದ ರೈಲು ಎಂ.ಜಿ. ರಸ್ತೆ ದಾಟಿದ ಮೇಲೆ ನೆಲದೊಳಗೆ ಇಳಿದು, ಸಿಟಿ ರೈಲ್ವೆ ನಿಲ್ದಾಣ ದಾಟಿ ಮೇಲೇಳುತ್ತದೆ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ನೆಲದಡಿ ಇವೆ. ಇಕ್ಕಟ್ಟಿನ ಸುರಂಗದಲ್ಲಿ ರೈಲು ಸೈಕಲ್ ಪಂಪಿನ ದಂಡದ ಹಾಗೆ ಗಾಳಿಯನ್ನು ಮುಂದಕ್ಕೆ ನೂಕುತ್ತದೆ. ಆ ಒತ್ತಡಕ್ಕೆ ಕಿವಿತಮಟೆ ತುಸು ಬಾಗುತ್ತದೆ. ತಮಟೆಯ ಹಿಂದಿನಿಂದ ಮೂಗಿನ ಹಿಂಭಾಗಕ್ಕೆ ಯುಸ್ಟೇಷಿಯನ್ ಅನ್ನೋ ಸಣ್ಣ ನಾಳ ಇದೆ. ನುಂಗಿದಾಗ, ಆಕಳಿಸಿದಾಗ ಅದು ತೆರೆದು ಒಳಗಿನ, ಹೊರಗಿನ ಒತ್ತಡ ಸಮ ಆಗುತ್ತದೆ. ನಮ್ಮ ಮೆಟ್ರೋದ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ., ಹಾಗಾಗಿ ಈ ಏರಿಳಿತ ದೊಡ್ಡದೇನಲ್ಲ. ನೆಗಡಿಯಿಂದ ನಾಳ ಊದಿಕೊಂಡವರಿಗೇ ಹೆಚ್ಚು ತ್ರಾಸು.

ಉಪಾಯ ಸರಳ. ಮೆಟ್ರೋದೊಳಗೆ ತಿನ್ನಲು, ಕುಡಿಯಲು ಬಿಡುವುದಿಲ್ಲ, ಉಗುಳನ್ನೇ ನುಂಗಿ. ಕಟ್ಟಿದ ಕಿವಿ ಬಿಡದಿದ್ದರೆ ಮೂಗು ಹಿಡಿದುಕೊಂಡು ನುಂಗಿ. ಅದಕ್ಕೂ ಆಗದಿದ್ದರೆ ಬಾಯಿ ಮುಚ್ಚಿ, ಮೂಗು ಹಿಡಿದು, ಬಹಳ ಮೆಲ್ಲಗೆ ಉಸಿರು ಒತ್ತಿ. ಜೋರಾಗಿ ಊದಿದರೆ ತಮಟೆಗೇ ಪೆಟ್ಟು. ನೆಗಡಿ ಇದ್ದಾಗ ಇದನ್ನು ಮಾಡಲೇಬೇಡಿ, ಮೂಗಿನ ಸೋಂಕು ಕಿವಿಗೆ ಹತ್ತುತ್ತದೆ. ಇಯರ್‌ಪ್ಲಗ್ ಈ ಒತ್ತಡಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಸದ್ದು. ಮೇಲಿನ ಹಳಿಯಲ್ಲಿ ಹರಡಿ ಹೋಗುವ ಸದ್ದು ಸುರಂಗದ ಕಾಂಕ್ರೀಟ್ ಗೋಡೆಗೆ ಬಡಿದು ವಾಪಸ್ ಬೋಗಿಗೇ ಬರುತ್ತದೆ. ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜಿ ಕಿರ್ರ್ ಅನ್ನುತ್ತದೆ. ಚಕ್ರಗಳಿರುವುದು ಬೋಗಿಯ ಎರಡು ತುದಿಯ ಕೆಳಗೆ, ಆದ್ದರಿಂದ ಬೋಗಿಗೆ ಬೋಗಿ ಸೇರುವ ಕಡೆ ನಿಲ್ಲಬೇಡಿ, ನಡುವೆ ನಿಲ್ಲಿ. ಕಾಸು ಖರ್ಚಿಲ್ಲದ ರಕ್ಷಣೆ ಇದು.

ಕಿವಿಗೆ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅನ್ನುವುದು ಒಪ್ಪಿತ ಲೆಕ್ಕ. 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 100ಕ್ಕೆ ಬರೀ 15 ನಿಮಿಷ. ಎರಡು ಮೊಳ ದೂರದವರಿಗೂ ಕೂಗಿ ಹೇಳಬೇಕಾದರೆ 85 ದಾಟಿತು ಅಂತ ತಿಳಿಯಿರಿ. ಈ ಸುರಂಗದ ಹಾದಿ ಸಣ್ಣದು, ಬರೀ ಮೆಟ್ರೋ ಸದ್ದಿಗೇ ಕಿವಿ ಕೆಡುತ್ತದೆ ಅಂತ ನಾನು ಹೇಳುವುದಿಲ್ಲ. ಕೆಡಿಸುವುದು ಆ ಸದ್ದನ್ನು ಮೀರಿಸಲು ನಾವು ಏರಿಸುವ ಇಯರ್‌ಫೋನ್ ವಾಲ್ಯೂಮ್. ಸುರಂಗದಲ್ಲಿ ಏರಿಸಿದ್ದನ್ನು ಇಳಿದ ಮೇಲೆ ಇಳಿಸುವವರು ಕಡಿಮೆ. ದಿನವಿಡೀ ಅದೇ ಮಟ್ಟ, ರಾತ್ರಿ ನಿದ್ದೆ ಬರೋವರೆಗೂ ಅದೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬಲ್‌ನಲ್ಲಿ.

ಹಾಗಾಗಿ ಪ್ಲಾಟ್‌ಫಾರ್ಮಿನಲ್ಲೇ ವಾಲ್ಯೂಮ್ ಅರ್ಧದ ಆಸುಪಾಸಿಗೆ ಇಟ್ಟು, ಸುರಂಗದಲ್ಲಿ ಮುಟ್ಟಬೇಡಿ. ಕೇಳಿಸದಿದ್ದರೆ ಹಾಡು ನಿಲ್ಲಿಸಿ. ಕಿವಿಯೊಳಗೆ ಸರಿಯಾಗಿ ಕೂರುವ ಸಿಲಿಕಾನ್ ತುದಿ ಹಾಕಿದರೆ ಹೊರಗಿನ ಸದ್ದು ತಗ್ಗಿ, ಕಡಿಮೆ ವಾಲ್ಯೂಮೇ ಸಾಕಾಗುತ್ತದೆ. ಇಯರ್‌ಫೋನಿನಲ್ಲಿ ಹೊರಗಿನ ಸದ್ದು ಅಳಿಸುವ ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ಗಡಗಡ ಅನ್ನುವ ದಪ್ಪ ಸದ್ದು ತಗ್ಗುತ್ತದೆ, ತಿರುವಿನ ಕಿರ್ರ್ ಅಷ್ಟಾಗಿ ತಗ್ಗುವುದಿಲ್ಲ. ಅದು ಹಾಕಿಕೊಂಡಾಗ ಕೆಲವರಿಗೆ ಕಿವಿ ಅದುಮಿದಂಗಾಗುತ್ತದೆ. ಅದು ನಿಜವಾದ ಒತ್ತಡವಲ್ಲ, ಹೆದರಬೇಡಿ.

ಬರೀ ಸದ್ದು ತಗ್ಗಿಸಬೇಕಾದವರಿಗೆ ಫೋಮ್ ಇಯರ್‌ಪ್ಲಗ್ ಸಾಕು, ಅಗ್ಗದ್ದೇ. ಆದರೆ ಬಹಳ ಜನ ಅದನ್ನು ಬಾಗಿಲಿಗೆ ಆನಿಸಿದಂತೆ ಕಿವಿ ಬಾಯಲ್ಲೇ ಇಟ್ಟುಕೊಳ್ಳುತ್ತಾರೆ. ಕೈ ತೊಳೆದು, ಪ್ಲಗ್ಗನ್ನು ಮಡಿಕೆ ಬೀಳದಂತೆ ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಒಳದಾರಿ ನೆಟ್ಟಗಾಗುತ್ತದೆ. ತಕ್ಷಣ ಒಳಗೆ ಸರಿಸಿ, ಅರ್ಧ ನಿಮಿಷ ಬೆರಳಲ್ಲಿ ಹಿಡಿದಿರಿ, ಫೋಮ್ ಉಬ್ಬಿ ಕೂರಲಿ. ನಿಮ್ಮ ದನಿ ನಿಮಗೇ ತಲೆಯೊಳಗಿಂದ ಬಂದಂತೆ ಕೇಳಿಸಿದರೆ ಸರಿಯಾಗಿ ಕೂತಿದೆ. ತೆಗೆಯುವಾಗ ತಿರುವುತ್ತಾ ನಿಧಾನ ತೆಗೆಯಿರಿ, ಜಗ್ಗಿದರೆ ತಮಟೆ ಎಳೆದಂತೆ ನೋಯುತ್ತದೆ. ಪೊಟ್ಟಣದ ಮೇಲೆ ಎನ್‌ಆರ್‌ಆರ್ (ಸದ್ದು ತಗ್ಗಿಸುವ ಅಳತೆ) 33 ಅಂತ ಇದ್ದರೆ ಅಷ್ಟೂ ಡೆಸಿಬಲ್ ತಗ್ಗುತ್ತದೆ ಅಂದುಕೊಳ್ಳಬೇಡಿ. 7 ಕಳೆದು ಅರ್ಧ ಮಾಡಿ, 13 ಸಿಗುತ್ತದೆ. ಬಳಕೆಯಲ್ಲಿ ನಂಬಬಹುದಾದದ್ದು ಅಷ್ಟೇ.

ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ, ಸಂಡೂರಿನ ಗಣಿಯಲ್ಲಿ ದುಡಿಯುವ ಅಣ್ಣಂದಿರಿಗೂ ಇದೇ ಕ್ರಮ, ಅವರಿಗಂತೂ ಮೆಟ್ರೋದವರಿಗಿಂತ ಹೆಚ್ಚು ಬೇಕು. ಕಿವಿಗೆ ತುರುಕುವ ಹತ್ತಿಯಿಂದ ರಕ್ಷಣೆ ಏನೇನೂ ಸಾಲದು. ಬೆವರು, ಧೂಳು ಮೆತ್ತಿದ ಪ್ಲಗ್ಗನ್ನೇ ಮತ್ತೆ ಮತ್ತೆ ಹಾಕಿದರೆ ನಮ್ಮ ಸೆಕೆಗೆ ಕಿವಿಯೊಳಗೆ ಬೂಸ್ಟು ಬಂದು ತುರಿಕೆ ಶುರುವಾಗುತ್ತದೆ. ಫೋಮ್ ಕೊಳೆಯಾದರೆ ಎಸೆಯಿರಿ.

ಕಿವಿ ಸೋರುವವರು, ತಮಟೆ ತೂತಾದವರು ವೈದ್ಯರನ್ನು ಕೇಳದೆ ಪ್ಲಗ್ಗೂ ಹಾಕಬಾರದು, ಎಣ್ಣೆಯನ್ನಂತೂ ಬಿಡಲೇಬಾರದು. ಗುಂಯ್ ಅನ್ನುವುದು ಒಂದು ದಿನ ಕಳೆದರೂ ನಿಲ್ಲದಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಅಲ್ಲಿ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಮಾತ್ರ ಗುಗ್ಗೆ ಇರಬಹುದು, ನೆಗಡಿ ಇರಬಹುದು ಅಂತ ಕಾಯದೆ ಅದೇ ದಿನ ಹೋಗಿ. ಇದಕ್ಕೆ ಚಿಕಿತ್ಸೆ ಶುರುವಿನ ದಿನಗಳಲ್ಲೇ ಹೆಚ್ಚು ಫಲ ಕೊಡುತ್ತದೆ.